ಆಟ ಆಡುವವರು, ಆಟ ನೋಡುವವರು

ಕನ್ನಡದಲ್ಲಿ 'ಆಟ' ಎಂಬ ಎರಡಕ್ಷರದ ಮಾತಿಗೆ ಇರುವ ವ್ಯಾಪ್ತಿ ದೊಡ್ಡದು. ಮಕ್ಕಳು ಓಣಿಯಲ್ಲಿ ಆಡುವ ಚಿಣಿಪಣಿಯೂ ಆಟ, ಹಿರಿಯರು ಕಟ್ಟೆಯ ಮೇಲೆ ಕೂತು ಆಡುವ ಪಗಡೆಯೂ ಆಟ. ರಾತ್ರಿಯಿಡೀ ನಡೆಯುವ ದೊಡ್ಡಾಟ, ಸಣ್ಣಾಟಗಳ ಹೆಸರಿನಲ್ಲಿಯೇ ಆಟ ಸೇರಿಕೊಂಡಿದೆ. ಟಾಕೀಸಿನಲ್ಲಿ ಸಿನಿಮಾ ತೋರಿಸಿದರೂ ಅದು ಮೊದಲನೇ ಆಟ, ಎರಡನೇ ಆಟ. ನಿಡೋಣಿ, ಬಬಲೇಶ್ವರ, ತಿಕೋಟಾ ಕಡೆಯ ಹಳ್ಳಿಗಳಲ್ಲಿ ಜಾತ್ರೆಯ ದಿನ 'ರಾತ್ರಿ ಆಟ ಐತಿ' ಎಂದು ಯಾರಾದರೂ ಹೇಳಿದರೆ, ಕೇಳಿದವರು ಆಡಲು ಸಜ್ಜಾಗುವುದಿಲ್ಲ, ನೋಡಲು ಸಜ್ಜಾಗುತ್ತಾರೆ. ಆಡುವುದು ಬೇರೆ, ನೋಡುವುದು ಬೇರೆ ಎಂದು ಈ ಪದ ಎಂದೂ ಗೆರೆ ಎಳೆದಿಲ್ಲ.

ಈ ಸಂಗತಿ ಇಂದು ನೆನಪಾಗಲು ಕಾರಣವಿದೆ. ಮನೆಯ ಹುಡುಗ ಮೊಬೈಲಿನಲ್ಲಿ ವಿಡಿಯೋ ಗೇಮ್ ಆಡಿದರೆ ತಂದೆ-ತಾಯಿಗೆ ಸಿಟ್ಟು ಬರುತ್ತದೆ, ಅದು ಅರ್ಥವಾಗುವಂಥದೇ. ಆದರೆ ಹುಡುಗ ತಾನು ಆಡದೆ, ಇನ್ನಾರೋ ಆಡುವುದನ್ನು ಗಂಟೆಗಟ್ಟಲೆ ನೋಡುತ್ತ ಕೂತರೆ ಸಿಟ್ಟಿನ ಜೊತೆಗೆ ಆಶ್ಚರ್ಯವೂ ಸೇರುತ್ತದೆ. ಇನ್ನೊಬ್ಬನ ಆಟ ನೋಡುವುದರಲ್ಲಿ ಏನಿದೆ? ಹಾಗೆ ಆಡಿ ತೋರಿಸುವವನಿಗೆ ಕೋಟಿಗಟ್ಟಲೆ ಅಭಿಮಾನಿಗಳು ಏಕೆ? ಸ್ವೀಡನ್ ದೇಶದ ಒಬ್ಬ ತರುಣ ಕೇವಲ ಆಟ ಆಡಿ ತೋರಿಸುತ್ತಲೇ ಜಗತ್ತಿನ ತಾರೆಯಾದಾಗ ಪಶ್ಚಿಮದ ಪತ್ರಿಕೆಗಳು ಇದೇ ಪ್ರಶ್ನೆಯನ್ನು ಕೇಳಿದವು. ಉತ್ತರದ ಒಂದು ಪಾಲು ನಮ್ಮ ಬಯಲಾಟದ ಅಟ್ಟದ ಮುಂದೆಯೇ ಸಿಗುತ್ತದೆ.

ನೋಡುವವನೂ ಪಾಲುಗಾರ

ಹಂಪಿಯಲ್ಲಿ ತಿರುಗಾಡಿದವರು ಗುಡಿಗಳ ಮಂಟಪಗಳ ನೆಲಹಾಸಿನಲ್ಲಿ ಕೊರೆದ ಆಟದ ಮನೆಗಳನ್ನು ಕಂಡಿರಬಹುದು. ಹುಲಿ-ಕುರಿ, ಸಾಲುಮನೆ ಮುಂತಾದ ಆಟಗಳ ಗೆರೆಗಳು ಅವು. ಆಡುವವರು ಇಬ್ಬರಾದರೆ ಸುತ್ತ ಕೂತು ನೋಡುವವರು, ನಡೆ ಹೇಳಿಕೊಡುವವರು ನಾಲ್ಕಾರು ಜನ; ಇಂದಿಗೂ ಹಳ್ಳಿಯ ಕಟ್ಟೆಗಳಲ್ಲಿ ಪಗಡೆ, ಚೌಕಾಬಾರಗಳು ನಡೆಯುವುದು ಹೀಗೆಯೇ. ನೋಡುವವರಿಲ್ಲದ ಆಟಕ್ಕೆ ಕಳೆ ಕಟ್ಟುವುದಿಲ್ಲ.

ಕನ್ನಡಿಗರು ಶತಮಾನಗಳಿಂದ ಕೇಳುತ್ತ ಬಂದಿರುವ ಅತ್ಯಂತ ಪ್ರಸಿದ್ಧ ಆಟವೂ ನೋಡುಗರ ನಡುವೆಯೇ ನಡೆದದ್ದು. ಕುಮಾರವ್ಯಾಸನ ಭಾರತದ ಸಭಾಪರ್ವದಲ್ಲಿ ದಾಳ ಉರುಳಿಸುವವರು ಇಬ್ಬರೇ. ಆದರೆ ನೋಡುವುದಕ್ಕೆ ಇಡೀ ಸಭೆಯೇ ನೆರೆದಿದೆ. ದ್ರೌಪದಿಯ ಪ್ರಶ್ನೆ ಆಡಿದವರಿಗೆ ಮಾತ್ರ ತಾಗುವುದಿಲ್ಲ, ಬಾಯಿ ಮುಚ್ಚಿಕೊಂಡು ನೋಡಿದ ಹಿರಿಯರಿಗೂ ತಾಗುತ್ತದೆ. ಆಟ ನೋಡುವವನು ಆಟದ ಹೊರಗೆ ನಿಂತಿಲ್ಲ ಎಂಬ ತಿಳಿವಳಿಕೆ ಈ ನಾಡಿನ ಜನರಿಗೆ ಕತೆಯ ಮೂಲಕವೇ ಬಂದಿದೆ.

ಉತ್ತರ ಕರ್ನಾಟಕದ ರಂಗದಲ್ಲಿ ಇದು ಇನ್ನೂ ಸ್ಪಷ್ಟ. ಅಪರಾಳ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡ, ಕುಲಗೋಡು ತಮ್ಮಣ್ಣನ ಕೈಯಲ್ಲಿ ಬೆಳೆದ ಶ್ರೀಕೃಷ್ಣ ಪಾರಿಜಾತವನ್ನು ಜನ ಸುಮ್ಮನೆ ಕೂತು ನೋಡುತ್ತಿರಲಿಲ್ಲ. ಮೆಚ್ಚುಗೆಯಾದಲ್ಲಿ ಹಾಡನ್ನು ಮತ್ತೆ ಹಾಡಿಸುತ್ತಿದ್ದರು. ಸತ್ಯಭಾಮೆಯ ಪಾತ್ರದಿಂದ ಹೆಸರಾದ ಕೌಜಲಗಿ ನಿಂಗಮ್ಮನನ್ನು ನೋಡಲು ದೂರದ ಊರುಗಳಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಆಟದ ನಡುವೆ ಆಯೇರಿ ಮಾಡುವ ಪದ್ಧತಿಯೂ ಇತ್ತು, ಈಗಲೂ ಇದೆ. ಮದುವೆಯಲ್ಲಿ ಮುಯ್ಯಿ ಮಾಡಿದಂತೆ, ಪಾತ್ರಧಾರಿಯ ಹಾಡು ಹಿಡಿಸಿದ ಪ್ರೇಕ್ಷಕ ಹಣ ಕೊಡುತ್ತಾನೆ. ಆಟ ಕ್ಷಣಕಾಲ ನಿಲ್ಲುತ್ತದೆ. ಇಂಥ ಊರಿನ ಇಂಥವರಿಂದ ಇಷ್ಟು ರೂಪಾಯಿ ಎಂದು ಎಲ್ಲರೆದುರು ಸಾರಲಾಗುತ್ತದೆ. ಹಣ ಕಲಾವಿದನಿಗೆ, ಹೆಸರು ಕೊಟ್ಟವನಿಗೆ.

ಯೂಟ್ಯೂಬ್ 2017ರಲ್ಲಿ 'ಸೂಪರ್ ಚಾಟ್' ಎಂಬ ಏರ್ಪಾಟನ್ನು ತಂದಿತು. ನೇರ ಪ್ರಸಾರದಲ್ಲಿ ಆಟ ಆಡುತ್ತಿರುವವನಿಗೆ ನೋಡುಗ ಹಣ ಕಳಿಸಿದರೆ ಅವನ ಹೆಸರು, ಮಾತು ಬಣ್ಣದ ಪಟ್ಟಿಯಲ್ಲಿ ಎಲ್ಲರಿಗೂ ಕಾಣಿಸುತ್ತದೆ. ಆಟಗಾರ ಆಟದ ನಡುವೆಯೇ ಆ ಹೆಸರನ್ನು ಓದಿ ವಂದನೆ ಹೇಳುತ್ತಾನೆ. ಜಗತ್ತು ಇದನ್ನು ಹೊಸ ತಂತ್ರವೆಂದು ಕೊಂಡಾಡಿತು. ದೊಡ್ಡಾಟ ನೋಡಿದವರು ಇದನ್ನು ಆಯೇರಿ ಎಂದೇ ಗುರುತಿಸಬಲ್ಲರು.

ದೇವರೆಂದು ಕರೆದ ನಟ

ಅಭಿಮಾನವೂ ಇಲ್ಲಿಗೆ ಹೊಸದಲ್ಲ. ಮರಾಠಿ ರಂಗಭೂಮಿಯ ಬಾಲಗಂಧರ್ವರು ಸ್ತ್ರೀಪಾತ್ರ ಮಾಡುತ್ತಿದ್ದಾಗ ಅವರು ಸೀರೆ ಉಟ್ಟ ಬಗೆ, ತೊಟ್ಟ ಒಡವೆಗಳನ್ನು ಸಿರಿವಂತರ ಮನೆಯ ಹೆಂಗಸರು ಅನುಕರಿಸುತ್ತಿದ್ದರು. ಅವರ ಗಾಯನಕ್ಕೆ ಮಾರುಹೋದವರಲ್ಲಿ ಆಗಿನ ಬಿಜಾಪುರ ಜಿಲ್ಲೆಯ ಬೀಳಗಿಯ ಗೋಹರಬಾಯಿ ಒಬ್ಬರು. ಬಾಲಗಂಧರ್ವರ ಹಾಡಿಕೆಯನ್ನೇ ಮೈಗೂಡಿಸಿಕೊಂಡ ಅವರು 1930ರ ದಶಕದ ಕೊನೆಯಲ್ಲಿ ಅವರ ನಾಟಕ ಮಂಡಳಿಯನ್ನೇ ಸೇರಿ, ಅವರ ಬಾಳಿನ ಸಂಗಾತಿಯೂ ಆದರು. ಅಭಿಮಾನಿಯೇ ಕಲಾವಿದೆಯಾದ ಉದಾಹರಣೆ ಇದು. ಗೋಹರಬಾಯಿಯ ಸೋದರಿ ಅಮೀರಬಾಯಿ ಕರ್ನಾಟಕಿ ಮುಂಬಯಿಯ ಹಿಂದಿ ಚಿತ್ರರಂಗದಲ್ಲಿ ಗಾಯಕಿಯಾಗಿ ಮೆರೆದು, 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶದಾದ್ಯಂತ ಮನೆಮಾತಾದರು. ಬಿಜಾಪುರದಲ್ಲಿ ಅಮೀರ್ ಟಾಕೀಸು ಕಟ್ಟಿಸಿದರು. ತಾರೆಯಾದವರು ಸಂಪಾದನೆಯ ಒಂದು ಭಾಗವನ್ನು ತಮ್ಮ ಸೀಮೆಯ ಜನ ಆಟ ನೋಡುವ ಜಾಗಕ್ಕೇ ಹಾಕಿದ್ದು ವಿಶೇಷ.

ಆನಂತರ ಬಂದದ್ದು ರಾಜ್‌ಕುಮಾರ್ ಯುಗ. 1954ರ 'ಬೇಡರ ಕಣ್ಣಪ್ಪ'ದಿಂದ ಆರಂಭವಾದ ಅವರ ಪಯಣದಲ್ಲಿ ಅಭಿಮಾನಿ ಸಂಘಗಳು ಊರೂರಿಗೆ ಹಬ್ಬಿದವು. 1982ರ ಗೋಕಾಕ ಚಳವಳಿಯಲ್ಲಿ ಅವರು ನಾಡು ಸುತ್ತಿದಾಗ ಸಿನಿಮಾದ ಅಭಿಮಾನ ಭಾಷೆಯ ಅಭಿಮಾನವೂ ಆಗಿ ಮಾರ್ಪಟ್ಟಿತು. ರಾಜ್‌ಕುಮಾರ್ ತಮ್ಮನ್ನು ಮೆಚ್ಚಿದವರನ್ನು ಕರೆದದ್ದು 'ಅಭಿಮಾನಿ ದೇವರುಗಳು' ಎಂದು. ಈ ಮಾತನ್ನು ಬರೀ ವಿನಯವೆಂದು ತಳ್ಳಿಹಾಕುವಂತಿಲ್ಲ. ನೋಡುವವನಿಲ್ಲದೆ ಆಡುವವನಿಲ್ಲ ಎಂಬ ಕಂಪನಿ ನಾಟಕದ ಅನುಭವ ಅದರ ಹಿಂದಿದೆ.

ಬೆಂಕಿಪೆಟ್ಟಿಗೆಯಿಂದ ಕಂಪ್ಯೂಟರಿಗೆ

ಇನ್ನು ಸ್ವೀಡನ್ನಿನ ಮಾತು. ಆ ದೇಶದ ಹೆಸರು ಇಲ್ಲಿಯವರಿಗೆ ಪರಿಚಯವಾದದ್ದು ವಿಡಿಯೋ ಗೇಮಿನಿಂದಲ್ಲ, ಬೆಂಕಿಪೆಟ್ಟಿಗೆಯಿಂದ. ಪೆಟ್ಟಿಗೆಯ ಬದಿಗೆ ಗೀರಿದರೆ ಮಾತ್ರ ಹೊತ್ತುವ ಸುರಕ್ಷಿತ ಕಡ್ಡಿಯನ್ನು 1844ರಲ್ಲಿ ಕಂಡುಹಿಡಿದವನು ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್. ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಲೋಕಕ್ಕೆಲ್ಲ ಕಳಿಸಿದ ಊರು ಯೋನ್ಷೋಪಿಂಗ್. ಆಮದು ಸುಂಕ ಏರಿದಾಗ ಸ್ವೀಡಿಷ್ ಕಂಪನಿ ಭಾರತದಲ್ಲಿಯೇ ಕಾರ್ಖಾನೆ ತೆರೆಯಲು 1923ರಲ್ಲಿ ವಿಮ್ಕೊ ಸಂಸ್ಥೆಯನ್ನು ಹುಟ್ಟುಹಾಕಿತು. ಒಲೆ ಹೊತ್ತಿಸಿದ ಮೇಲೆ ಖಾಲಿಯಾದ ಪೆಟ್ಟಿಗೆ ಮಕ್ಕಳ ಪಾಲಾಗುತ್ತಿತ್ತು. ಅದರ ಮೇಲಿನ ಚಿತ್ರಗಳನ್ನು ಕೂಡಿಡುವುದು, ಪಣಕ್ಕಿಟ್ಟು ಆಡುವುದು ಕರ್ನಾಟಕದ ಹಳ್ಳಿ-ಪಟ್ಟಣಗಳಲ್ಲಿ ಒಂದು ತಲೆಮಾರಿನ ದೊಡ್ಡ ಆಟವಾಗಿತ್ತು.

ಅದೇ ಸ್ವೀಡನ್ ಕಂಪ್ಯೂಟರ್ ಆಟಗಳ ದೇಶವಾದದ್ದು ಹೇಗೆ? ವಿಸ್ತೀರ್ಣದಲ್ಲಿ ಅದು ಕರ್ನಾಟಕದ ಎರಡು ಪಟ್ಟಿಗಿಂತ ಹೆಚ್ಚು; ಜನಸಂಖ್ಯೆ ಮಾತ್ರ ಸುಮಾರು ಒಂದು ಕೋಟಿ. 2011ರ ಜನಗಣತಿಯಂತೆ ಕರ್ನಾಟಕದ್ದು 6.11 ಕೋಟಿ. ಚಳಿಗಾಲದಲ್ಲಿ ಅಲ್ಲಿ ಹಗಲು ಬಹಳ ಮೊಟಕು. ಮನೆಯೊಳಗೆ ಕಳೆಯಬೇಕಾದ ಹೊತ್ತು ಹೆಚ್ಚು. ಆದರೆ ಚಳಿ ಇರುವ ದೇಶಗಳೆಲ್ಲ ಆಟದ ದೇಶಗಳಾಗಿಲ್ಲ. ಸರ್ಕಾರದ ನೀತಿಯೂ ಅಲ್ಲಿ ಕೆಲಸ ಮಾಡಿತು. 1998ರಲ್ಲಿ ಜಾರಿಗೆ ಬಂದ ತೆರಿಗೆ ಸುಧಾರಣೆಯಿಂದಾಗಿ ನೌಕರರು ತಾವು ದುಡಿಯುವ ಸಂಸ್ಥೆಯ ಮೂಲಕ ಅಗ್ಗದಲ್ಲಿ ಮನೆಗೆ ಕಂಪ್ಯೂಟರ್ ಪಡೆಯುವಂತಾಯಿತು. ಸಾಧಾರಣ ಮನೆಗಳ ಮಕ್ಕಳ ಕೈಗೂ ಯಂತ್ರ ಸಿಕ್ಕಿತು. ಅದಕ್ಕೂ ಮೊದಲೇ, 1994ರಲ್ಲಿ, ಮಾಲುಂಗ್ ಎಂಬ ಸಣ್ಣ ಊರಿನ ಶಾಲೆಯ ಊಟದ ಕೋಣೆಯಲ್ಲಿ ಹುಡುಗರು ತಮ್ಮ ಕಂಪ್ಯೂಟರುಗಳನ್ನು ಹೊತ್ತು ತಂದು ಒಟ್ಟಿಗೆ ಆಡಿದ್ದರು. 'ಡ್ರೀಮ್‌ಹ್ಯಾಕ್' ಎಂಬ ಆ ಕೂಟ ಬೆಳೆದು, ಜಾತ್ರೆಯಷ್ಟು ದೊಡ್ಡದಾಗಿ, 2001ರಲ್ಲಿ ಬೆಂಕಿಪೆಟ್ಟಿಗೆಯ ಊರಾದ ಯೋನ್ಷೋಪಿಂಗಿಗೇ ಬಂದು ನೆಲೆಸಿತು.

ಫಲ ಬೇಗನೆ ಕಾಣಿಸಿತು. ಮಾರ್ಕಸ್ ಪೆರ್ಸನ್ ಎಂಬಾತ 2009ರಲ್ಲಿ ಹೊರಬಿಟ್ಟ 'ಮೈನ್‌ಕ್ರಾಫ್ಟ್' ಇಟ್ಟಿಗೆಯಂಥ ತುಣುಕುಗಳನ್ನು ಜೋಡಿಸಿ ಲೋಕವನ್ನೇ ಕಟ್ಟುವ ಆಟ. ಅದನ್ನು ಬೆಳೆಸಿದ ಕಂಪನಿಯನ್ನು 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರಿಗೆ ಕೊಂಡಿತು. ಬಸ್ಸಿನಲ್ಲಿ, ಕಚೇರಿಯಲ್ಲಿ ಹಿರಿಯರೂ ಬೆರಳಾಡಿಸುವ 'ಕ್ಯಾಂಡಿ ಕ್ರಷ್' ಬಂದದ್ದು 2012ರಲ್ಲಿ. ಅದನ್ನು ತಯಾರಿಸಿದ ಕಿಂಗ್ ಕಂಪನಿ ಹುಟ್ಟಿದ್ದು ಸ್ವೀಡನ್ನಿನಲ್ಲಿ. ಗುರುತಿಲ್ಲದ ಕರೆ ಯಾರದೆಂದು ತಿಳಿಸುವ 'ಟ್ರೂಕಾಲರ್' ಕೂಡ ಅಲ್ಲಿಯದೇ. ವಿಜಯಪುರದ ಸಂತೆಯಲ್ಲಿ ನಿಂತವನ ಕಿಸೆಯೊಳಗೂ ಇಂದು ಸ್ವೀಡನ್ನಿನ ಒಂದು ಚೂರು ಇರುತ್ತದೆ.

ಬೆಂಗಳೂರಿನ ಧ್ರುವ

ಕರ್ನಾಟಕಕ್ಕೆ ಈ ಆಟಗಳು ಬಂದದ್ದು ಹಂತಹಂತವಾಗಿ. ಟಿ.ವಿ.ಗೆ ಜೋಡಿಸುವ ಕ್ಯಾಸೆಟ್ ಯಂತ್ರಗಳಲ್ಲಿ ಜಪಾನಿನ ಮಾರಿಯೊ ಬಂದ. ಜಾತ್ರೆಯ ಅಂಗಡಿಗಳಲ್ಲಿ ಇಟ್ಟಿಗೆ ಜೋಡಿಸುವ ಅಂಗೈ ಅಗಲದ ಆಟಿಕೆಗಳು ಬಂದವು. ಅದರ ಮೂಲ 1980ರ ದಶಕದಲ್ಲಿ ಮಾಸ್ಕೋದಲ್ಲಿ ಹುಟ್ಟಿದ 'ಟೆಟ್ರಿಸ್'. ಆಮೇಲೆ ಸ್ವೀಡನ್ನಿನ ನೆರೆಯ ಫಿನ್ಲೆಂಡಿನ ನೋಕಿಯಾ ಕಂಪನಿ 1997ರಲ್ಲಿ ತನ್ನ ಫೋನಿಗೆ ಸೇರಿಸಿದ ಹಾವಿನ ಆಟ, ಕರೆ ಮಾಡಲು ದುಡ್ಡಿಲ್ಲದವರಿಗೂ ಫೋನನ್ನು ಆಟಿಕೆಯಾಗಿಸಿತು.

ಅದೇ 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ 'ಧ್ರುವ ಇಂಟರಾಕ್ಟಿವ್' ಎಂಬ ಸಂಸ್ಥೆಯನ್ನು ಆರಂಭಿಸಿದರು. ಭಾರತದಲ್ಲಿ ವಿಡಿಯೋ ಗೇಮ್ ತಯಾರಿಕೆಗೆ ಇಳಿದ ಮೊದಲಿಗರಲ್ಲಿ ಅವರು ಒಬ್ಬರು. ಮೈಕ್ರೋಸಾಫ್ಟಿನ 'ಫೋರ್ಜಾ' ಕಾರುಪಂದ್ಯದ ಆಟಗಳಂಥ ದೊಡ್ಡ ಆಟಗಳಿಗೆ ಚಿತ್ರಕೆಲಸವನ್ನು ಈ ಸಂಸ್ಥೆ ಮಾಡಿಕೊಟ್ಟಿತು. 2016ರ ಕೊನೆಯಲ್ಲಿ ಧ್ರುವವನ್ನು ಕೊಳ್ಳುವುದಾಗಿ ಪ್ರಕಟಿಸಿದ್ದು ಸ್ಟಾಕ್‌ಹೋಮಿನ ಸ್ಟಾರ್‌ಬ್ರೀಜ್ ಕಂಪನಿ. ಆದರೆ 2018ರ ಕೊನೆಗೆ ಸ್ಟಾರ್‌ಬ್ರೀಜ್ ತಾನೇ ಹಣದ ಮುಗ್ಗಟ್ಟಿಗೆ ಸಿಕ್ಕಿತು; 2019ರಲ್ಲಿ ಧ್ರುವ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಕೈಸೇರಿ ಅದರ ಬೆಂಗಳೂರು ಶಾಖೆಯೊಂದಿಗೆ ಒಂದಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆಟದ ಕಾರು, ಮರ, ಗೋಡೆಗಳನ್ನು ಬೆಂಗಳೂರಿನಲ್ಲಿ ಕೂತು ಬಿಡಿಸಿದವರ ಹೆಸರು ಬರುವುದು ಆಟದ ಕೊನೆಯಲ್ಲಿ ಓಡುವ ಪಟ್ಟಿಯಲ್ಲಿ ಮಾತ್ರ. ಅವರಿಗೆ ಅಭಿಮಾನಿ ಸಂಘವಿಲ್ಲ. ತಾರೆಯಾಗುವವನು ಆಟ ಕಟ್ಟಿದವನಲ್ಲ, ಆಡಿ ತೋರಿಸಿದವನು. ಪಾರಿಜಾತ ನೋಡಲು ಬಂದವರಿಗೂ ಬರೆದ ಕವಿಗಿಂತ ಕುಣಿದ ಸತ್ಯಭಾಮೆಯೇ ಹತ್ತಿರವಾಗಿದ್ದಳಲ್ಲ!

ಸಂಖ್ಯೆಯ ಕಾಳಗ

ಆಡಿ ತೋರಿಸಿ ತಾರೆಯಾದ ಆ ಸ್ವೀಡಿಷ್ ತರುಣನೇ ಫೆಲಿಕ್ಸ್ ಷೆಲ್ಬರ್ಗ್. 1989ರಲ್ಲಿ ಗೋಥೆನ್‌ಬರ್ಗಿನಲ್ಲಿ ಹುಟ್ಟಿದ ಈತ ಎಂಜಿನಿಯರಿಂಗ್ ಓದನ್ನು ಅರ್ಧಕ್ಕೆ ಬಿಟ್ಟು, ಹೊಟ್ಟೆಪಾಡಿಗೆ ತಿಂಡಿಯ ಗಾಡಿಯಲ್ಲಿ ಕೆಲಸ ಮಾಡುತ್ತ, 2010ರಲ್ಲಿ 'ಪ್ಯೂಡಿಪೈ' ಎಂಬ ಹೆಸರಿನಲ್ಲಿ ಯೂಟ್ಯೂಬ್ ವಾಹಿನಿ ತೆರೆದ. ಭಯ ಹುಟ್ಟಿಸುವ ಆಟಗಳನ್ನು ಆಡುತ್ತ, ಬೆಚ್ಚಿಬೀಳುತ್ತ, ಚೀರುತ್ತ, ನಗುತ್ತ ಅದನ್ನೆಲ್ಲ ತೋರಿಸಿದ. 2013ರ ಆಗಸ್ಟ್ ಹೊತ್ತಿಗೆ ಯೂಟ್ಯೂಬಿನಲ್ಲಿ ಅತಿ ಹೆಚ್ಚು ಚಂದಾದಾರರನ್ನು ಪಡೆದ ವಾಹಿನಿ ಅವನದಾಯಿತು.

ಇದು ನಡೆದದ್ದು, ಮೆರೆದಾಟವನ್ನು ಒಪ್ಪದ ಸಂಸ್ಕೃತಿಯಿಂದ ಬಂದವನಿಂದ ಎಂಬುದು ಸ್ವಾರಸ್ಯ. ಸ್ವೀಡಿಷರ ಬಾಯಲ್ಲಿ ಸದಾ ಇರುವ ಪದ 'ಲಾಗೊಮ್'. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ ಎಂದು ಅದರ ಅರ್ಥ. ಕನ್ನಡದ 'ಹದ' ಅದಕ್ಕೆ ತೀರ ಹತ್ತಿರದ ಮಾತು. ಉತ್ತರ ಯೂರೋಪಿನಲ್ಲಿ 'ಯಾಂಟೆಯ ಕಟ್ಟಳೆ' ಎಂಬ ಇನ್ನೊಂದು ಮಾತಿದೆ. ಅಕ್ಸೆಲ್ ಸಾಂಡೆಮೂಸೆ 1933ರ ಕಾದಂಬರಿಯೊಂದರಲ್ಲಿ ಗೇಲಿಗಾಗಿ ಬರೆದದ್ದು. ಯಾರೂ ಉಳಿದವರಿಗಿಂತ ತಾನು ಮೇಲೆಂದು ಎಣಿಸಬಾರದು ಎಂಬುದು ಅದರ ಸಾರ. ಷೆಲ್ಬರ್ಗ್ ಕೂಡ ತಾರೆಯ ಗತ್ತಿನಿಂದ ಮಾತಾಡಲಿಲ್ಲ. ಪಕ್ಕದ ಮನೆಯ ಹುಡುಗನಂತೆ ಮಾತಾಡಿದ. ನೋಡುಗರನ್ನು 'ಸೋದರರ ದಂಡು' ಎಂಬರ್ಥದ ಹೆಸರಿನಿಂದ ಕರೆದ. ಆದರೆ ದಂಡು ಎಂದ ಮೇಲೆ ದಂಡಿಗೆ ಒಬ್ಬ ಶತ್ರು ಬೇಕಲ್ಲವೆ?

ಆ ಶತ್ರು ಸಿಕ್ಕಿದ್ದು ಭಾರತದಲ್ಲಿ. ಗುಲ್ಶನ್ ಕುಮಾರ್ 1983ರಲ್ಲಿ ಕಟ್ಟಿದ ಟಿ-ಸೀರೀಸ್, ಅಗ್ಗದ ಕ್ಯಾಸೆಟ್ಟುಗಳಿಂದ ಭಕ್ತಿಗೀತೆ, ಸಿನಿಮಾ ಗೀತೆಗಳನ್ನು ಮನೆಮನೆಗೆ ಮುಟ್ಟಿಸಿದ ಕಂಪನಿ. 2016ರಲ್ಲಿ ಜಿಯೊ ಬಂದು ಇಂಟರ್ನೆಟ್ ಅಗ್ಗವಾದಾಗ ಕೋಟ್ಯಂತರ ಭಾರತೀಯರು ಮೊದಲ ಬಾರಿಗೆ ಯೂಟ್ಯೂಬಿನಲ್ಲಿ ಹಾಡು ಕೇಳತೊಡಗಿದರು. 2018ರಲ್ಲಿ ಟಿ-ಸೀರೀಸ್ ಪ್ಯೂಡಿಪೈಯ ಬೆನ್ನು ಹತ್ತಿತು. ಷೆಲ್ಬರ್ಗ್ ಹಾಸ್ಯದ ಹಾಡು ಕಟ್ಟಿ ಭಾರತೀಯರನ್ನೂ ಅಣಕಿಸಿದ. ಅಭಿಮಾನಿಗಳು ಅದನ್ನು ಯುದ್ಧವೆಂದೇ ತಿಳಿದರು. ಜಾಹೀರಾತು ಫಲಕ ಹಿಡಿದರು. ಯಾರದೋ ಕಚೇರಿಯ ಸಾವಿರಾರು ಮುದ್ರಣ ಯಂತ್ರಗಳಿಗೆ ನುಗ್ಗಿ 'ಪ್ಯೂಡಿಪೈಗೆ ಚಂದಾದಾರರಾಗಿ' ಎಂದು ಅಚ್ಚು ಹಾಕಿಸಿದರು. ಭಾರತೀಯರ ಮೇಲೆ ಹೀನಾಯದ ಮಾತುಗಳು ಹರಿದಾಗ, 2018ರ ಡಿಸೆಂಬರಿನಲ್ಲಿ ಷೆಲ್ಬರ್ಗ್ ಭಾರತದ ಮಕ್ಕಳಿಗಾಗಿ ದುಡಿಯುವ 'ಕ್ರೈ' ಸಂಸ್ಥೆಗೆ ನೇರ ಪ್ರಸಾರದ ಮೂಲಕ ಹಣ ಕೂಡಿಸಿಕೊಟ್ಟ. ದಂಡು ಅಷ್ಟಕ್ಕೆ ನಿಲ್ಲಲಿಲ್ಲ.

2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ ಎರಡು ಮಸೀದಿಗಳ ಮೇಲೆ ದಾಳಿ ಮಾಡಿ 51 ಜನರನ್ನು ಕೊಂದ ಹಂತಕ, ಗುಂಡು ಹಾರಿಸುವ ಮುನ್ನ ಅದೇ ಘೋಷಣೆಯನ್ನು ಉಚ್ಚರಿಸಿದ. ಷೆಲ್ಬರ್ಗನಿಗೂ ಆ ಕೃತ್ಯಕ್ಕೂ ಸಂಬಂಧವಿರಲಿಲ್ಲ. ಆದರೆ ತಮಾಷೆಗೆಂದು ಹುಟ್ಟಿದ ಕೂಗು ಯಾರ ಬಾಯಿಗೆ ಸೇರುತ್ತದೆಂದು ಹೇಳಲಾಗದು ಎಂಬುದು ಆ ದಿನ ತಿಳಿಯಿತು. ಏಪ್ರಿಲಿನಲ್ಲಿ ದೆಹಲಿ ಹೈಕೋರ್ಟು ಅವನ ಎರಡು ಹಾಡುಗಳಿಗೆ ಭಾರತದಲ್ಲಿ ತಡೆ ನೀಡಿತು. ಏಪ್ರಿಲ್ 28ರಂದು ಆತ ತಾನೇ ಮುಂದೆ ಬಂದು, ಈ ಚಳವಳಿಯನ್ನು ಇಲ್ಲಿಗೆ ನಿಲ್ಲಿಸಿ ಎಂದು ಅಭಿಮಾನಿಗಳನ್ನು ಕೇಳಿಕೊಂಡ. ಆ ವೇಳೆಗೆ ಟಿ-ಸೀರೀಸ್ ಮುಂದೆ ಹೋಗಿಯಾಗಿತ್ತು. ಆ ಮೊದಲ ಸ್ಥಾನವಾದರೂ ಉಳಿಯಿತೆ? 2024ರ ಜೂನಿನಲ್ಲಿ ಅಮೆರಿಕದ ಮಿಸ್ಟರ್‌ಬೀಸ್ಟ್ ಟಿ-ಸೀರೀಸನ್ನು ಹಿಂದೆ ಹಾಕಿದ.

ಮಂಗಳ ಹಾಡುವ ಹೊತ್ತು

ಇದು ದೂರದ ದೇಶದ ಕತೆ ಎಂದು ಸುಮ್ಮನಿರುವಂತಿಲ್ಲ. 2006ರಲ್ಲಿ ರಾಜ್‌ಕುಮಾರ್ ನಿಧನರಾದಾಗ ಬೆಂಗಳೂರಿನಲ್ಲಿ ಶೋಕವೇ ಗಲಭೆಯಾಗಿ ಜೀವಗಳು ಹೋದವು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟ ಯಶ್ ಹುಟ್ಟುಹಬ್ಬಕ್ಕೆಂದು ರಾತ್ರಿ ಕಟೌಟ್ ನಿಲ್ಲಿಸುತ್ತಿದ್ದ ಮೂವರು ತರುಣರು ವಿದ್ಯುತ್ ತಗುಲಿ ಸತ್ತರು. ಯಶ್ ಅವರ ಮನೆಗಳಿಗೇ ಬಂದು, ಇಂಥ ಅಭಿಮಾನ ಬೇಡ ಎಂದರು. 2025ರ ಜೂನ್ 4ರಂದು ಕ್ರಿಕೆಟ್ ತಂಡದ ಗೆಲುವನ್ನು ಕೊಂಡಾಡಲು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೆರೆದವರಲ್ಲಿ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಮಡಿದರು. ಇವರಾರೂ ಆಡಲು ಹೋದವರಲ್ಲ. ನೋಡಲು, ಮೆಚ್ಚಲು ಹೋದವರು.

ಅಭಿಮಾನದ ಇನ್ನೊಂದು ಮುಖವೂ ಇದೇ ನಾಡಿನಲ್ಲಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಅದನ್ನು ಕಂಡ ಅಭಿಮಾನಿಗಳು ನೇತ್ರದಾನಕ್ಕೆ ಹೆಸರು ಬರೆಸಲು ಸಾಲುಗಟ್ಟಿದರು. ಇಲ್ಲಿಯೂ ಸಂಖ್ಯೆ ಏರಿತು. ಆದರೆ ಆ ಏರಿಕೆ ಯಾರನ್ನೂ ಸೋಲಿಸುವುದಕ್ಕಾಗಿ ಇರಲಿಲ್ಲ. ಅಭಿಮಾನಕ್ಕೆ ತಾನಾಗಿ ಒಳ್ಳೆಯ ಗುಣವೂ ಇಲ್ಲ, ಕೆಟ್ಟ ಗುಣವೂ ಇಲ್ಲ. ಅದಕ್ಕೆ ಮುಂದಿರುವವನು ಏನು ತೋರಿಸಿದ, ಹಿಂದಿರುವವರು ಏನನ್ನು ಆರಿಸಿಕೊಂಡರು ಎಂಬುದರ ಮೇಲೆ ಫಲ ನಿಂತಿದೆ.

ಹಾಗೆ ನೋಡಿದರೆ, ಮಗ ಇನ್ನೊಬ್ಬನ ಆಟ ನೋಡುತ್ತಾನೆಂಬುದು ತಂದೆ-ತಾಯಿಯ ಚಿಂತೆಗೆ ಮುಖ್ಯ ಕಾರಣವಾಗಬೇಕಿಲ್ಲ. ಅವನ ಅಜ್ಜನೂ ಬೆಳಗಿನತನಕ ಕೂತು ಆಟ ನೋಡಿದವನೇ, ಆಯೇರಿ ಕೊಟ್ಟು ಹೆಸರು ಕೂಗಿಸಿಕೊಂಡವನೇ. ವ್ಯತ್ಯಾಸವಿರುವುದು ಬೇರೆ ಕಡೆ. ಅಜ್ಜನ ಪಕ್ಕದಲ್ಲಿ ಊರೇ ಕೂತಿತ್ತು. ಅತಿಯಾಗಿ ಕೂಗಿದವನನ್ನು ಗದರಿ ಕೂರಿಸುವ ಹಿರಿಯರಿದ್ದರು. ಆಟಕ್ಕೊಂದು ಕೊನೆಯಿತ್ತು. ಬೆಳ್ಳಿ ಮೂಡುವ ಹೊತ್ತಿಗೆ ಮಂಗಳ ಹಾಡಿ, ಆರತಿ ಎತ್ತಿ, ರಾಕ್ಷಸನ ವೇಷದವನೂ ದೇವರ ವೇಷದವನೂ ಒಟ್ಟಿಗೆ ಕೈಮುಗಿದ ಮೇಲೆ ಜನ ಎದ್ದು ಹೊಲಕ್ಕೆ ಹೋಗುತ್ತಿದ್ದರು. ಅಂಗೈಯ ಪರದೆಯ ಮೇಲಿನ ಆಟಕ್ಕೆ ಬೆಳಗೂ ಇಲ್ಲ, ಮಂಗಳವೂ ಇಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ. 2019ರಲ್ಲಿ ಷೆಲ್ಬರ್ಗ್ ತನ್ನ ದಂಡಿಗೆ ಇನ್ನು ಸಾಕು ಎಂದದ್ದು ಒಂದು ಬಗೆಯ ಮಂಗಳವೇ ಆಗಿತ್ತು, ಹೊತ್ತು ಮೀರಿ ಹಾಡಿದ ಮಂಗಳ. ಅದನ್ನು ಹೊತ್ತಿಗೆ ಸರಿಯಾಗಿ ಹಾಡುವ ಕೆಲಸ ಈಗ ಆಡುವವರಷ್ಟೇ ನೋಡುವವರ ಪಾಲಿಗೂ ಬಂದಿದೆ.